ಶಿರಾ ಲ್ಯಾಬಿನ ಮೂರು ಗಡಿಯಾರ

ರೇಣುಕಪ್ರಸಾದ್ ಸುಳ್ಳು ಹೇಳುವವರ ಪೈಕಿಯವನಲ್ಲ. ಹೇಳಿದರೆ ಅವನ ಕಿವಿ ಕೆಂಪಗಾಗಿ ಎದುರಿನವರಿಗೆ ತಕ್ಷಣ ಗೊತ್ತಾಗಿಬಿಡುತ್ತಿತ್ತು. ಆದರೆ ಇಂಟರ್ನೆಟ್ಟಿನಲ್ಲಿ ಕಿವಿ ಕಾಣುವುದಿಲ್ಲವಲ್ಲ! ಹಾಗಾಗಿ ಒಂದು ಮಧ್ಯಾಹ್ನ, ಊಟದ ಡಬ್ಬಿ ತೊಳೆದಿಡುವುದಕ್ಕೆ ಮೊದಲೇ, ಆತ ಫಿನ್ಲೆಂಡಿನಲ್ಲಿ ಕೂತಿದ್ದ ಮಾರ್ಯಾ ಎಂಬ ಹೆಂಗಸಿಗೆ, "ಮೂರೂ ಬಗೆಯ ಕಂಪ್ಯೂಟರ್ ಇರುವ ಲ್ಯಾಬ್ ನಮ್ಮ ಶಿರಾದಲ್ಲೇ ಇದೆ, ಪರೀಕ್ಷೆಯ ಜವಾಬ್ದಾರಿ ನಮಗಿರಲಿ" ಎಂದು ಬರೆದುಬಿಟ್ಟ.

ಈ ಮಾತು ಬಂದದ್ದು ಹೇಗೆ ಅಂದರೆ, ರೇಣುಕಪ್ರಸಾದನ ಕೆಲಸ ಮಳೆ ಲೆಕ್ಕದ್ದು. ಗೌಡಗೆರೆಯಲ್ಲಿ ಎಷ್ಟು ಬಿತ್ತು, ನಿಡುಗಲ್ಲಿನಲ್ಲಿ ಎಷ್ಟು ಬೀಳಲಿಲ್ಲ ಎಂಬುದನ್ನೆಲ್ಲ ಕೂಡಿಸಿ ಗ್ರಾಫ್ ಮಾಡಿ ಮೇಲಿನವರಿಗೆ ಕಳಿಸಬೇಕು. ಗ್ರಾಫ್ ಬರೆಯಲು ಅವನು ಬಳಸುತ್ತಿದ್ದದ್ದು ಇಂಕ್‌ಗ್ರಾಫ್ ಎಂಬ ಸಾಫ್ಟ್‌ವೇರು. ಯಾವ ಕಂಪನಿಯದ್ದೂ ಅಲ್ಲ. ಬೇರೆ ಬೇರೆ ದೇಶದ ಜನ ಬಿಡುವಿನಲ್ಲಿ ಕೂತು ಬರೆದು, ಯಾರು ಬೇಕಾದರೂ ಬಳಸಿ, ಬೇಕಾದರೆ ತಿದ್ದಿ ಎಂದು ಬಿಟ್ಟುಕೊಟ್ಟದ್ದು. ಅದರಲ್ಲಿ ಎಲ್ಲ ಚೆನ್ನಾಗಿತ್ತು, ಕನ್ನಡವೊಂದು ಬಿಟ್ಟು. ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ. ಮಧುಗಿರಿಯಲ್ಲಿ ನಡೆದ ಸಭೆಯೊಂದರಲ್ಲಿ ಅವನ ಗ್ರಾಫನ್ನು ಗೋಡೆಯಷ್ಟು ದೊಡ್ಡದಾಗಿ ಬಿಟ್ಟಾಗ, ಸಾಹೇಬರೊಬ್ಬರು ಕನ್ನಡಕ ಸರಿಮಾಡಿಕೊಂಡು, "ಏನ್ರೀ ಇದು, ಮಳೆ ಗ್ರಾಫೋ ಕಡಲೆಕಾಯಿ ಸುಲಿದು ಚೆಲ್ಲಿದ ಸಿಪ್ಪೆಯೋ?" ಎಂದರು. ಸಭೆ ನಕ್ಕಿತು. ಬಾಗಿಲ ಹೊರಗೆ ನಿಂತಿದ್ದ ಜೀಪಿನ ಡ್ರೈವರ್ ಕೂಡ ನಕ್ಕದ್ದು ರೇಣುಕಪ್ರಸಾದನಿಗೆ ಸಹಿಸಲಾಗಲಿಲ್ಲ.

ಅವಮಾನ ಅವನನ್ನು ನಾಲ್ಕು ತಿಂಗಳು ಕುರ್ಚಿಗೆ ಅಂಟಿಸಿತು. ಕೊನೆಗೂ ಇಂಕ್‌ಗ್ರಾಫಿನಲ್ಲಿ ಕನ್ನಡ ನೆಟ್ಟಗೆ ಮೂಡುವಂತೆ ತಿದ್ದಿ ಮುಗಿಸಿದ. ಎಲ್ಲರ ಕೆಲಸ ಸೇರಿಸಿ ಹೊಸ ಆವೃತ್ತಿ ಹೊರಡಿಸುವವಳು ಮಾರ್ಯಾ. ಅವಳು ಮೆಚ್ಚಿದಳು, ಆದರೆ ಒಂದು ಕರಾರು ಹಾಕಿದಳು. ಬರೆದ ಸಾಫ್ಟ್‌ವೇರನ್ನು ಒಂದೊಂದು ಬಗೆಯ ಕಂಪ್ಯೂಟರಿಗೂ ಬೇರೆಬೇರೆಯಾಗಿ ಕಟ್ಟಿ ನೋಡಬೇಕು, ಅದಕ್ಕೆ ಬಿಲ್ಡ್ ಅನ್ನುತ್ತಾರೆ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಬಿಲ್ಡ್ ಸರಿಯಾದರೆ ಮಾತ್ರ, ಇನ್ನು ಎರಡು ವಾರಕ್ಕೆ ಬರುವ ಶುಕ್ರವಾರ ನಮ್ಮ ಸಂಜೆ ಆರಕ್ಕೆ ಹೊರಡುವ ಆವೃತ್ತಿಯಲ್ಲಿ ಕನ್ನಡ ಇರುತ್ತದೆ. ಒಂದರಲ್ಲಿ ತಪ್ಪಿದರೂ ಕನ್ನಡವನ್ನು ಕಿತ್ತು ಪಕ್ಕಕ್ಕಿಟ್ಟು ಉಳಿದದ್ದು ಹೊರಡುತ್ತದೆ. ಮುಂದಿನದು ವರ್ಷ ಕಳೆದ ಮೇಲೆ. ಈ ಮೂರನ್ನೂ ಪರೀಕ್ಷಿಸುವವರು ಯಾರು ಎಂದು ಅವಳು ಕೇಳಿದಾಗಲೇ ನಮ್ಮವನು ಆ ಲ್ಯಾಬಿನ ಮಾತು ಬರೆದದ್ದು.

ಲ್ಯಾಬ್ ಇದ್ದದ್ದು ಹೀಗೆ. ಲಿನಕ್ಸ್ ಇದ್ದದ್ದು ಅವನ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ. ವಿಂಡೋಸ್ ಇದ್ದದ್ದು ಮಾವ ನಂದೀಶ್ವರಯ್ಯನವರ ಕಡಲೆಕಾಯಿ ಮಂಡಿಯ ಕಂಪ್ಯೂಟರಿನಲ್ಲಿ. ಮ್ಯಾಕ್ ಇದ್ದದ್ದು ಶಾಲೆಯ ಗೆಳೆಯ ಭೀಮರಾಜುವಿನ ಫೋಟೋ ಸ್ಟುಡಿಯೋದಲ್ಲಿ. ಅದರಲ್ಲಿ ಅವನು ಮದುವೆ ಆಲ್ಬಂ ಮಾಡುತ್ತಿದ್ದ. ಈ ಮೂರರ ನಡುವೆ ಓಡಾಡುವ ಒಂದು ಪೆನ್ ಡ್ರೈವ್, ಅದನ್ನು ಜೇಬಿನಲ್ಲಿಟ್ಟುಕೊಂಡು ಸ್ಕೂಟರ್ ಓಡಿಸುವ ರೇಣುಕಪ್ರಸಾದ್. ಇಷ್ಟು ಸೇರಿ ಫಿನ್ಲೆಂಡಿನ ದಾಖಲೆಯಲ್ಲಿ 'ಶಿರಾ ಲ್ಯಾಬ್, ಕರ್ನಾಟಕ' ಆಯಿತು.

ಮೊದಲ ದಿನವೇ ಎಡವಟ್ಟು. ಮಂಡಿಯಲ್ಲಿ ಒಂದೆರಡು ಸಾಲು ತಿದ್ದಿ ಮನೆಗೆ ತಂದರೆ ಲ್ಯಾಪ್‌ಟಾಪ್ ಗೊಣಗುತ್ತಿತ್ತು. ಮನೆಯಲ್ಲಿ ತಿದ್ದಿದ್ದನ್ನು ಮಂಡಿಗೆ ಒಯ್ದರೆ ಅಲ್ಲಿನ ಕಂಪ್ಯೂಟರು ಏನೂ ಬದಲಾಗಿಲ್ಲ, ಮಾಡುವ ಕೆಲಸವೇ ಇಲ್ಲ ಎಂದು ಹೇಳಿ ಸುಮ್ಮನಾಗುತ್ತಿತ್ತು. ಸ್ಟುಡಿಯೋದ ಮ್ಯಾಕಿನದಂತೂ ಹೇಳಬಾರದು. ಅದು ಬಿಲ್ಡ್ ಶುರು ಮಾಡುವುದು, ಮತ್ತೆ ಮೊದಲಿಂದ ಶುರು ಮಾಡುವುದು, ಹೀಗೆ ನೂರು ಸಲ ಸುತ್ತಿ ಸುಸ್ತಾಗಿ, ಇಂಗ್ಲಿಷಿನಲ್ಲಿ "ನೂರು ಸಲ ನೋಡಿದೆ, ಇನ್ನೂ ಸರಿಹೋಗಿಲ್ಲ, ಬಹುಶಃ" ಎಂದು ಹೇಳಿ ನಿಂತುಬಿಡುತ್ತಿತ್ತು. 'ಬಹುಶಃ' ಆದಮೇಲೆ ಏನಿತ್ತೋ, ಪರದೆಯ ಆ ಮೂಲೆಯಲ್ಲಿ ಭೀಮರಾಜು ಅಂಗೈಯಗಲದ ವೀರಭದ್ರಸ್ವಾಮಿಯ ಸ್ಟಿಕ್ಕರ್ ಅಂಟಿಸಿದ್ದ. ದೇವರ ಹಿಂದೆ ಏನಿದೆ ಎಂದು ಕೆದಕಿ ನೋಡುವ ಬುದ್ಧಿ ರೇಣುಕಪ್ರಸಾದನಿಗೆ ಚಿಕ್ಕಂದಿನಿಂದಲೂ ಇರಲಿಲ್ಲ.

"ಭೀಮಾ, ನಿನ್ನ ಮ್ಯಾಕ್‌ಗೆ ಏನೋ ಆಗೈತೆ ಕಣ್ಲಾ," ಎಂದ.

ಭೀಮರಾಜು ಆಂಧ್ರದ ಗಡಿಗೆ ಹತ್ತಿರದ ನಿಡುಗಲ್ ಕಡೆಯವನು. ಕೋಪ ಬಂದರೆ ಅರ್ಧ ತೆಲುಗಿಗೆ ಜಾರುತ್ತಿದ್ದ. "ಒರೇಯ್ ರೇಣುಕಾ, ಇದ್ರಾಗೆ ಮುನ್ನೂರು ಮದ್ವೆ ಮಾಡಿದ್ದೀನಿ! ಒಂದ್ ಗಂಡೂ ಕಂಪ್ಲೇಂಟ್ ಹೇಳಿಲ್ಲ. ನಿನ್ನ ಗೆರೆನೇ ಡೊಂಕಿರ್ಬೇಕು, ನೋಡ್ಕೋ ಪೋ!"

ರೇಣುಕಪ್ರಸಾದ್ ನೋಡಿಕೊಂಡ. ಪೆನ್ ಡ್ರೈವ್ ಬದಲಿಸಿದ. ಮಂಡಿಯ ಕಂಪ್ಯೂಟರಿನೊಳಗಿನ ಕಡಲೆಕಾಯಿ ದೂಳನ್ನು ಊದಿ ಊದಿ ಕೆಮ್ಮು ಬರಿಸಿಕೊಂಡ. ಅತ್ತೆ ಇಂದ್ರಮ್ಮನವರು ಎರಡು ದಿನ ಸುಮ್ಮನೆ ನೋಡಿ, ಮೂರನೇ ದಿನ, "ತಪ್ಪು ನಿಮ್ದಲ್ಲ ಬುಡಿ ಅಳಿಯಂದ್ರೇ, ಎಲ್ಲಾರ ಕಣ್ಣೂ ಬಿದ್ದು ಆ ಕಡ್ಡಿಗೆ ದೃಷ್ಟಿ ಆಗೈತೆ," ಎಂದು ಪೆನ್ ಡ್ರೈವಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಒಲೆಗೆ ಹಾಕಿದ್ದು ಉಪ್ಪು ಮೆಣಸಿನಕಾಯಿಯನ್ನೇ ಹೊರತು ಪೆನ್ ಡ್ರೈವನ್ನಲ್ಲ ಎಂದು ಖಾತ್ರಿಯಾಗುವವರೆಗೆ ರೇಣುಕಪ್ರಸಾದನ ಜೀವ ಜೀವದಲ್ಲಿರಲಿಲ್ಲ.

ಇತ್ತ ಹೀಗಿರುವಾಗ ಅತ್ತ ಲೋಕದಲ್ಲಿ 'ಶಿರಾ ಸಮಸ್ಯೆ' ಎಂಬುದು ಹುಟ್ಟಿ ಬೆಳೆಯತೊಡಗಿತು. ಭೀಮರಾಜು ಮದುವೆಯ ಕ್ಯಾಮೆರಾದಲ್ಲಿ ಆ ಪರದೆಯ ಫೋಟೋ ತೆಗೆದು, ಹಿನ್ನೆಲೆ ಮಸುಕು ಮಾಡಿ, ಬಣ್ಣ ಏರಿಸಿ ಕೊಟ್ಟಿದ್ದ. ರೇಣುಕಪ್ರಸಾದ್ ಅದನ್ನು ಇಂಕ್‌ಗ್ರಾಫಿನ ಬಳಗಕ್ಕೆಲ್ಲ ಕಳಿಸಿದ. ಅದನ್ನು ನೋಡಿ ಬ್ರೆಜಿಲಿನವನೊಬ್ಬ ತಲೆ ಕೆರೆದುಕೊಂಡ. ಜಪಾನಿನ ಮೇಷ್ಟರೊಬ್ಬರು ನಾಲ್ಕು ಪುಟದ ಟಿಪ್ಪಣಿ ಬರೆದರು. ಜರ್ಮನಿಯವನು, ನಿಮ್ಮ ಲ್ಯಾಬ್ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ, ಒಳಗೆ ಸೆಖೆ ಎಷ್ಟು ಎಂದು ಕೇಳಿದ. ರೇಣುಕಪ್ರಸಾದ್ ಮಳೆ ಲೆಕ್ಕದವನಾದ್ದರಿಂದ ಎರಡಕ್ಕೂ ಚಾಚೂತಪ್ಪದೆ ಉತ್ತರ ಕೊಟ್ಟ. ಇಷ್ಟು ಶಿಸ್ತಿನ ಲ್ಯಾಬಿನಲ್ಲಿ ತಪ್ಪಾಗುತ್ತಿದೆ ಅಂದರೆ ತಪ್ಪು ಕನ್ನಡದ ತಿದ್ದುಪಡಿಯಲ್ಲೇ ಇರಬೇಕು ಎಂದು ಅವರೆಲ್ಲ ತೀರ್ಮಾನಕ್ಕೆ ಬರುವುದರಲ್ಲಿದ್ದರು. ಇದನ್ನು ಓದಿದಾಗ ಅವನಿಗೆ ನಿಜಕ್ಕೂ ಅಳು ಬಂತು. ಹೇಳಿದ್ದು ಒಂದೇ ಒಂದು ಸುಳ್ಳು, ಅದು ಬಂದು ಕನ್ನಡದ ಕುತ್ತಿಗೆಯ ಮೇಲೇ ಕೂತಿತ್ತು.

ಗುರುವಾರ ಮಾರ್ಯಾಳ ಕೊನೆಯ ಪತ್ರ ಬಂತು. ನಾಳೆ ನಾಲ್ಕೂವರೆಗೆ ವಿಡಿಯೋ ಕರೆ ಮಾಡುತ್ತೇನೆ, ಮೂರೂ ಕಂಪ್ಯೂಟರು ಅಕ್ಕಪಕ್ಕ ಇರಲಿ, ಲ್ಯಾಬಿನ ಮುಖ್ಯಸ್ಥರೂ ಸಿಬ್ಬಂದಿಯೂ ಇದ್ದರೆ ಒಳ್ಳೆಯದು.

"ಮುಖ್ಯಸ್ಥರು ಯಾರು ರೀ?" ಎಂದು ಕೇಳಿದಳು ಹೆಂಡತಿ ಲೋಹಿತಾ. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ಉತ್ತರ ಗೊತ್ತಿದ್ದೇ ಪ್ರಶ್ನೆ ಕೇಳುವ ಅಭ್ಯಾಸ. ಗಂಡನ ಕಿವಿ ಕೆಂಪಗಾದವು. ಅವಳು ನಗು ತಡೆದುಕೊಂಡು ಅಪ್ಪನಿಗೆ ಫೋನ್ ಹಚ್ಚಿದಳು.

ನಂದೀಶ್ವರಯ್ಯನವರು ಅಲ್ಲಿಯವರೆಗೆ ಅಳಿಯನ ಬಗ್ಗೆ ಯಾರಾದರೂ ಕೇಳಿದರೆ, "ಏನೋ ಗೆರೆ ಎಳೀತಾರೆ," ಎಂದಷ್ಟೇ ಹೇಳುತ್ತಿದ್ದವರು. ತಾವೇ ಒಂದು ಲ್ಯಾಬಿನ ಮುಖ್ಯಸ್ಥರೆಂದು ತಿಳಿದ ಕೂಡಲೇ ಅವರಿಗೆ ಗೆರೆಯ ಮಹತ್ವ ಹೊಳೆಯಿತು. "ಲ್ಯಾಬ್ ಅಂದ್ಮೇಲೆ ಬೆಳ್ಳಗಿರ್ಬೇಕು," ಎಂದು ಮಂಡಿಯ ಕಡಲೆಕಾಯಿ ಮೂಟೆಗಳ ಮೇಲೆಲ್ಲ ಬಿಳಿ ಪಂಚೆ ಹೊದಿಸಿದರು. ಹಮಾಲರಿಗೆ ಅವರವರ ಮಕ್ಕಳ ಮದುವೆಗೆ ಹೊಲಿಸಿದ್ದ ಬಿಳಿ ಅಂಗಿ ಹಾಕಿಕೊಂಡು ಬರಲು ಹೇಳಿದರು. ತಾವು ಹಣೆ ತುಂಬ ವಿಭೂತಿ ಬಳಿದು, ಶಲ್ಯ ಹೊದ್ದು, ತಕ್ಕಡಿಯ ಪಕ್ಕ ಕುರ್ಚಿ ಹಾಕಿಸಿಕೊಂಡರು. ಭೀಮರಾಜು ಮ್ಯಾಕನ್ನು ಹಾಸಿಗೆಯಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಮನೆಯ ಲ್ಯಾಪ್‌ಟಾಪ್ ಸ್ಕೂಟರಿನಲ್ಲೇ ಬಂತು.

ಕರೆ ಬಂತು. ಲೋಹಿತಾಳ ಫೋನಿನಲ್ಲಿ ಮಾರ್ಯಾ ಕಾಣಿಸಿಕೊಂಡಳು. ಬಿಳಿ ಕೂದಲಿನ, ತಣ್ಣಗೆ ಮಾತಾಡುವ ಹೆಂಗಸು. ರೇಣುಕಪ್ರಸಾದನ ಹಿಂದೆ ಸಾಲಾಗಿ ನಿಂತ ಬಿಳಿ ಅಂಗಿಯ ಹನ್ನೊಂದು ಹಮಾಲರನ್ನು ನೋಡಿ, ಇಷ್ಟು ದೊಡ್ಡ ಸಿಬ್ಬಂದಿ ತನ್ನ ಊರಿನ ವಿಶ್ವವಿದ್ಯಾಲಯದಲ್ಲೂ ಇಲ್ಲ ಎಂದಳು. ಲೋಹಿತಾ ಅದನ್ನು ಕನ್ನಡದಲ್ಲಿ ಹೇಳಿದಾಗ ನಂದೀಶ್ವರಯ್ಯನವರು, "ಸೀಜನ್ನಲ್ಲಿ ಇನ್ನೂ ಹತ್ತು ಜನ ಇರ್ತಾರೆ ಅಂತ ಹೇಳಮ್ಮ," ಎಂದರು.

ರೇಣುಕಪ್ರಸಾದ್ ಮ್ಯಾಕಿನಲ್ಲಿ ಬಿಲ್ಡ್ ಓಡಿಸಿದ. ಅದು ನೂರು ಸುತ್ತು ಸುತ್ತಿತು, ಯಥಾಪ್ರಕಾರ 'ಬಹುಶಃ' ಎಂದು ನಿಂತಿತು. ಮಾರ್ಯಾ ಮುಂದಕ್ಕೆ ಬಾಗಿ, ಬಹುಶಃ ಏನು, ಆ ಚಿತ್ರದ ಕೆಳಗೆ ಏನಿದೆ ಎಂದು ಕೇಳಿದಳು.

"ದೇವ್ರು ಮೇಡಂ," ಎಂದು ಭೀಮರಾಜು ನಡುವೆ ಬಾಯಿ ಹಾಕಿದ. "ಕೀಳಬಾರ್ದು!"

"ಕಿತ್ತಾಕೋದಲ್ಲ ಕಣಪ್ಪ, ಜಾಗ ಬದ್ಲಾಯ್ಸೋದು," ಎನ್ನುತ್ತ ಇಂದ್ರಮ್ಮನವರು ಮುಂದೆ ಬಂದರು. ಕೈಮುಗಿದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಸ್ವಾಮಿಯನ್ನು ಮೂಲೆಯಿಂದ ಮೆಲ್ಲಗೆ ಎಬ್ಬಿಸಿ ಮ್ಯಾಕಿನ ನೆತ್ತಿಯ ಮೇಲೆ ಕೂರಿಸಿದರು. ಕೆಳಗೆ ಸಾಲಿನ ಬಾಕಿ ಭಾಗ ಕಂಡಿತು: 'ಈ ಕಂಪ್ಯೂಟರಿನ ಗಡಿಯಾರ ಸರಿಯಿಲ್ಲ.' ಅದರ ಮೇಲೆ ದಿನಾಂಕ: ಮಂಗಳವಾರ, 12 ಮಾರ್ಚ್ 2019.

ಹತ್ತು ದಿನದಿಂದ ಐದು ದೇಶದವರು ಹುಡುಕುತ್ತಿದ್ದ ಉತ್ತರ ವೀರಭದ್ರಸ್ವಾಮಿಯ ಪಾದದಡಿಯಲ್ಲಿ ಇತ್ತು.

"ಭೀಮಾ!" ಎಂದ ರೇಣುಕಪ್ರಸಾದ್.

ಭೀಮರಾಜು ತಲೆ ತಗ್ಗಿಸಿದ. "ಏನ್ ಮಾಡ್ಲಿ ನಾಯನಾ. ಆ ಆಲ್ಬಂ ಸಾಫ್ಟ್‌ವೇರು ಒಂದ್ ತಿಂಗ್ಳು ಪುಕ್ಸಟ್ಟೆ, ಆಮ್ಯಾಕೆ ಬಂದ್. ಅದ್ಕೆ ದಿನಾ ಬೆಳಗ್ಗೆ ತಾರೀಕು ಹಿಂದಕ್ಕೆ ತಿರುಗಿಸ್ತೀನಿ. ಗಿರಾಕಿಗಳು ನೋಡಿ ಇದೇನ್ ಸಾರ್ ಅಂತ ಕೇಳ್ತಾರಲ್ಲ, ಅದ್ಕೇ ಸ್ವಾಮಿನ ಅಲ್ಲಿ ಕೂರಿಸ್ದೆ." ಅಂದರೆ ಆ ಸ್ಟುಡಿಯೋದಲ್ಲಿ ಎಷ್ಟೋ ವರ್ಷದಿಂದ ಮಂಗಳವಾರ ಮುಗಿದೇ ಇರಲಿಲ್ಲ.

ಬಿಲ್ಡ್ ಮಾಡುವ ಸಾಫ್ಟ್‌ವೇರು ಯಾವ ಫೈಲು ಹೊಸತು, ಯಾವುದು ಹಳತು ಎಂದು ಗಂಟೆ ನೋಡಿಯೇ ತೀರ್ಮಾನಿಸುತ್ತದೆ. ಈ ವರ್ಷದ ಫೈಲನ್ನು 2019ಕ್ಕೆ ಒಯ್ದು ಕೊಟ್ಟರೆ ಅದಕ್ಕೆ ಹುಚ್ಚು ಹಿಡಿಯದೆ ಇನ್ನೇನಾಗುತ್ತದೆ? ಮಾರ್ಯಾ ಒಂದು ನಿಮಿಷ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು. ಆಮೇಲೆ ಇನ್ನೊಂದು ಕೇಳಿದಳು. ತನ್ನ ಲೆಕ್ಕದಲ್ಲಿ ಭಾರತದಲ್ಲಿ ಈಗ ನಾಲ್ಕು ಐವತ್ತು. ನಿಮ್ಮ ಗೋಡೆಯ ಗಡಿಯಾರ ಐದೂ ಹತ್ತು ಅನ್ನುತ್ತಿದೆ. ಶಿರಾದ ಟೈಮೇ ಬೇರೆಯೇ?

"ಅದು ಮಂಡಿ ಟೈಮು," ಎಂದರು ನಂದೀಶ್ವರಯ್ಯನವರು ಗತ್ತಿನಿಂದ. "ಹಮಾಲರು ಜಲ್ದಿ ಬರ್ಲಿ ಅಂತ ಇಪ್ಪತ್ತು ನಿಮಿಷ ಮುಂದಿಟ್ಟಿದ್ದೀನಿ. ಇಪ್ಪತ್ತೆರಡು ವರ್ಷ ಆಯ್ತು. ಕಂಪ್ಯೂಟ್ರಿಗೂ ಅದೇ ಟೈಮು. ಒಂದ್ ಮಂಡೀಲಿ ಎರಡು ಟೈಮು ಇರಬಾರ್ದು."

ಮಂಡಿಯಲ್ಲಿ ತಿದ್ದಿದ ಫೈಲು ಮನೆಯ ಲ್ಯಾಪ್‌ಟಾಪಿಗೆ ಇಪ್ಪತ್ತು ನಿಮಿಷ ಮುಂದಿನದಾಗಿ, ಮನೆಯದು ಮಂಡಿಗೆ ಇಪ್ಪತ್ತು ನಿಮಿಷ ಹಳೆಯದಾಗಿ ಕಾಣುತ್ತಿದ್ದುದು ಹೀಗೆ. ಎರಡು ಗಡಿಯಾರ ಸರಿಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದಳು ಮಾರ್ಯಾ. ಹೇಳುವುದು ಸುಲಭ.

"ನಾನ್ ತಾರೀಕು ಮುಟ್ಟಲ್ಲ!" ಎಂದು ಭೀಮರಾಜು ಮ್ಯಾಕನ್ನು ತಬ್ಬಿಕೊಂಡ. "ಮಧುಗಿರಿ ಮದ್ವೆ ಆಲ್ಬಂ ನಾಳೆ ಕೊಡ್ಬೇಕು, ಇನ್ನೂ ಎಂಟು ಪೇಜ್ ಐತೆ. ಸಾಫ್ಟ್‌ವೇರ್ ಸತ್ತೋದ್ರೆ ಆ ಹುಡ್ಗಿ ಅಪ್ಪ ನನ್ನ ಸುಮ್ಕೆ ಬುಡ್ತಾನಾ?"

"ನಾನೂ ಮುಟ್ಟಲ್ಲ," ಎಂದರು ನಂದೀಶ್ವರಯ್ಯನವರು. "ರಾಹುಕಾಲ ಮುಗಿದ ಮರುನಿಮಿಷಕ್ಕೆ ಆ ದಿನದ ದೊಡ್ಡ ತೂಕ ಶುರು ಮಾಡೋದು ನಮ್ಮ ಪದ್ಧತಿ. ಆ ಗಡಿಯಾರ ನೋಡ್ಕೊಂಡೇ ಮಾಡ್ಕೊಂಡ್ ಬಂದಿದ್ದೀನಿ. ಇವತ್ತೂ ಶುಕ್ರವಾರ, ಸರಿಯಾಗಿ ಹನ್ನೆರಡು ಹೊಡೆದ ಮೇಲೇ ತಕ್ಕಡಿ ಮುಟ್ಟಿದ್ದು. ಇಪ್ಪತ್ತೆರಡು ವರ್ಷದಾಗೆ ಒಂದಿನ ನಷ್ಟ ಕಂಡಿಲ್ಲ. ಅಂಥ ಗಡಿಯಾರಾನ ತಿರುಗಿಸು ಅಂತೀರಾ?"

ಗಣಿತದ ಲೋಹಿತಾ ಗೋಡೆ ನೋಡಿದಳು, ಫೋನು ನೋಡಿದಳು, ಅಪ್ಪನನ್ನು ನೋಡಿದಳು. "ಅಪ್ಪಾ, ಗಡಿಯಾರ ಇಪ್ಪತ್ತು ನಿಮಿಷ ಮುಂದಿದೆ."

"ಹೌದಮ್ಮ."

"ಅದರಲ್ಲಿ ಹನ್ನೆರಡು ಹೊಡೆದಾಗ ನಿಜವಾದ ಟೈಮು ಹನ್ನೊಂದು ನಲವತ್ತು."

"ಹೌದು."

"ರಾಹುಕಾಲ ಮುಗಿಯೋದು ನಿಜವಾದ ಹನ್ನೆರಡಕ್ಕೆ ಅಪ್ಪ."

ನಂದೀಶ್ವರಯ್ಯನವರ ಶಲ್ಯ ಭುಜದಿಂದ ಜಾರಿತು, ಅವರು ಎತ್ತಿಕೊಳ್ಳಲಿಲ್ಲ. ಪಂಚಾಂಗ ತರಿಸಿದರು. ಬೆರಳು ಮಡಿಸಿ ಲೆಕ್ಕ ಹಾಕಿದರು, ಬಿಚ್ಚಿ ಮತ್ತೆ ಹಾಕಿದರು. ಸೋಮವಾರದಿಂದ ಭಾನುವಾರದವರೆಗೆ, ಇಪ್ಪತ್ತೆರಡು ವರ್ಷ, ಒಂದು ದಿನವೂ ಬಿಡದೆ ಅಪ್ಪಟ ರಾಹುಕಾಲದಲ್ಲೇ ತಕ್ಕಡಿ ಎತ್ತಿದ ಗೌರವ ಅವರದಾಗಿತ್ತು. ಫಿನ್ಲೆಂಡಿನವಳಿಗೆ ಏನೂ ಅರ್ಥವಾಗಲಿಲ್ಲ, ಆದರೆ ಲ್ಯಾಬಿನ ಮುಖ್ಯಸ್ಥರಿಗೆ ದೊಡ್ಡದೇನೋ ಆಗಿದೆ ಎಂಬುದು ಮಾತ್ರ ಗೊತ್ತಾಯಿತು.

ಇಂದ್ರಮ್ಮನವರು ಗಂಡನ ಪಕ್ಕಕ್ಕೆ ಬಂದರು. "ಅಲ್ಲ ಕಣ್ರೀ, ಅಂಗಾದ್ರೆ ನಮ್ಗೆ ಒಳ್ಳೇದು ಮಾಡಿದ್ದೇ ರಾಹು ಅಂತಾಯ್ತಲ್ಲ? ಪಾಪ, ಬೇರೆ ಯಾರೂ ಆ ಹೊತ್ನಲ್ಲಿ ವ್ಯಾಪಾರ ಮಾಡಲ್ಲ. ನೀವೊಬ್ರೇ ಸಿಕ್ಕಿದ್ರಿ ಅಂತ ಕೈ ಹಿಡಿದವ್ನೆ."

ನಂದೀಶ್ವರಯ್ಯನವರು ಹೆಂಡತಿಯನ್ನು ಮೂವತ್ತೈದು ವರ್ಷದಲ್ಲಿ ಮೊದಲ ಸಲ ನೋಡುತ್ತಿರುವಂತೆ ನೋಡಿದರು. ಶಲ್ಯ ಎತ್ತಿ ಹೊದ್ದರು. "ಕಂಪ್ಯೂಟ್ರು ಟೈಮ್ ಸರಿಮಾಡ್ಕೊಳ್ಳಿ ಅಳಿಯಂದ್ರೇ. ಗೋಡೇದು ಮಾತ್ರ ಅಂಗೇ ಇರ್ಲಿ. ಏಯ್ ಭೀಮರಾಜು, ಎಂಟು ಪೇಜ್ ತಾನೆ? ಕೂತ್ಕೋ. ಎಲ್ಲಾರೂ ಸೇರಿ ಮುಗಿಸೋಣ!"

ಆಮೇಲೆ ನಡೆದದ್ದನ್ನು ಹಮಾಲರು ಇಂದಿಗೂ ಹೇಳಿಕೊಳ್ಳುತ್ತಾರೆ. ಮ್ಯಾಕಿನ ಸುತ್ತ ಹನ್ನೊಂದು ಬಿಳಿ ಅಂಗಿಗಳು ಮುತ್ತಿಕೊಂಡವು. ಭೀಮರಾಜು ಫೋಟೋ ತೆರೆಯುವುದು, ಮಂಡಿ ಕೂಗುವುದು. "ಇದ್ರಾಗೆ ಹೆಣ್ಣು ಕಣ್ಣು ಮುಚ್ಚವ್ಳೆ, ಬುಡು!" "ಗಂಡಿನ ಚಿಕ್ಕಪ್ಪ ಬಾಯಿ ತೆಗ್ದವ್ನೆ, ಅದೂ ಬುಡು!" ಇಂದ್ರಮ್ಮನವರು ಧಾರೆಯ ಫೋಟೋಗೆ ಹಟ ಹಿಡಿದರೆ ನಂದೀಶ್ವರಯ್ಯನವರು ಊಟದ ಪಂಕ್ತಿಗೆ ಹಟ ಹಿಡಿದರು. ಒಂದು ಕಡೆ ಎರಡೂ ಪಕ್ಷಕ್ಕೆ ಐದೈದು ಕೈ ಎದ್ದು ಸಮವಾದಾಗ ಮಾರ್ಯಾ ಫೋನಿನೊಳಗಿನಿಂದ ಕೈ ಎತ್ತಿ, ಹುಡುಗಿ ನಗುತ್ತಿರುವುದನ್ನೇ ಹಾಕಿ ಎಂದು ತೀರ್ಪು ಕೊಟ್ಟಳು. ನಿಜವಾದ ಐದೂವರೆಗೆ ಎಂಟೂ ಪುಟ ಮುಗಿದವು. ಭೀಮರಾಜು ಎರಡು ಕಡೆ ಉಳಿಸಿಟ್ಟುಕೊಂಡು, ಕಣ್ಣು ಮುಚ್ಚಿ, ತಾರೀಕು ಸರಿಮಾಡಿದ. ಸಾಫ್ಟ್‌ವೇರು ಅವಧಿ ಮುಗಿದಿದೆ ಎಂದು ಒಂದು ಸಾಲು ಬರೆದು ಪ್ರಾಣ ಬಿಟ್ಟಿತು. ಇಂದ್ರಮ್ಮನವರು ಅವನ ಬೆನ್ನು ಸವರಿದರು.

ರೇಣುಕಪ್ರಸಾದ್ ಹಳೆಯದನ್ನೆಲ್ಲ ಅಳಿಸಿ ಮೂರರಲ್ಲೂ ಮೊದಲಿಂದ ಬಿಲ್ಡ್ ಶುರು ಮಾಡಿದ. ಲಿನಕ್ಸ್ ಮುಗಿಯಿತು, ಹಸಿರು, ಅಂದರೆ ಪಾಸು. ವಿಂಡೋಸ್ ಕೆಮ್ಮುತ್ತ ಕೆಮ್ಮುತ್ತ ಮುಗಿಯಿತು, ಅದೂ ಹಸಿರು. ಮ್ಯಾಕಿನದು ಮಾತ್ರ ಎಣಿಸುತ್ತಲೇ ಇತ್ತು. ಅಷ್ಟರಲ್ಲಿ ಗೋಡೆಯ ಗಡಿಯಾರ ಢಣ ಢಣ ಎಂದು ಆರು ಹೊಡೆಯಿತು.

ಮಂಡಿಗೆ ಮಂಡಿಯೇ ಸಪ್ಪಗಾಯಿತು. ಹಮಾಲರು ಬಿಳಿ ಅಂಗಿಯ ಗುಂಡಿ ಬಿಚ್ಚತೊಡಗಿದರು. ನಂದೀಶ್ವರಯ್ಯನವರು ಬಂದು ಅಳಿಯನ ಹೆಗಲ ಮೇಲೆ ಕೈ ಇಟ್ಟರು. "ಹೋಗ್ಲಿ ಬುಡಿ ಅಳಿಯಂದ್ರೇ. ನೀವು ಮಾಡಿದ್ದೇನೂ ಸಣ್ಣ ಕೆಲ್ಸ ಅಲ್ಲ. ನನ್ಗೆ ಇವತ್ತು ಗೊತ್ತಾಯ್ತು."

ಮದುವೆಯಾದಂದಿನಿಂದ ಒಂಬತ್ತು ವರ್ಷ ಆ ಮಾತಿಗೆ ಕಾದಿದ್ದ ರೇಣುಕಪ್ರಸಾದ್ ಗೋಡೆಯತ್ತ ಕೈ ತೋರಿಸಿ ಹೇಳಿದ: "ಮಾವ, ಅದು ಮಂಡಿ ಟೈಮು. ಇನ್ನೂ ಇಪ್ಪತ್ತು ನಿಮಿಷ ಇದೆ!"

ಹಮಾಲರು ಗುಂಡಿ ಮತ್ತೆ ಹಾಕಿಕೊಂಡರು. ಐದು ಐವತ್ತಮೂರಕ್ಕೆ ಮ್ಯಾಕ್ ಹಸಿರಾಯಿತು. ಪರೀಕ್ಷೆಗೆಂದು ಇಟ್ಟಿದ್ದ ಗ್ರಾಫ್ ತಾನಾಗಿ ತೆರೆದುಕೊಂಡಿತು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ. ಕೊಂಬು ಕೊಂಬಿನ ಜಾಗದಲ್ಲಿ, ಒತ್ತು ಒತ್ತಿನ ಜಾಗದಲ್ಲಿ, ಒಂದು ಸಿಪ್ಪೆಯೂ ಚೆಲ್ಲದೆ. ಹನ್ನೊಂದು ಜನ ಹಾಕಿದ ಕೇಕೆಗೆ ಮಂಡಿಯ ಸೂರಿನ ಪಾರಿವಾಳಗಳೆಲ್ಲ ಎದ್ದು ಹಾರಿದವು. ಮಾರ್ಯಾ ಕಣ್ಣೊರೆಸಿಕೊಂಡು ಕನ್ನಡವನ್ನು ಹೊಸ ಆವೃತ್ತಿಗೆ ಸೇರಿಸಿದಳು. ಕೃತಜ್ಞತೆಯ ಪಟ್ಟಿಯಲ್ಲಿ ರೇಣುಕಪ್ರಸಾದನ ಹೆಸರಿನ ಕೆಳಗೆ ಶಿರಾ ಲ್ಯಾಬಿನ ಮುಖ್ಯಸ್ಥ ನಂದೀಶ್ವರಯ್ಯ ಎಂದೂ, ತಾಂತ್ರಿಕ ಅಡಚಣೆ ನಿವಾರಿಸಿದವರು ಇಂದ್ರಮ್ಮ ಎಂದೂ ಬಂತು.

ಮುಂದಿನ ತಿಂಗಳು ಮಧುಗಿರಿಯ ಸಭೆಯಲ್ಲಿ ಅದೇ ಸಾಹೇಬರು ಗೋಡೆಯ ಮೇಲಿನ ಗ್ರಾಫನ್ನು ಗಟ್ಟಿಯಾಗಿ, ತಡವರಿಸದೆ ಓದಿದರು. ಯಾವ ಸಾಫ್ಟ್‌ವೇರ್ರೀ ಇದು, ಬೆಂಗಳೂರಿನದಾ ಎಂದು ಕೇಳಿದರು. "ಶಿರಾದ್ದು ಸಾರ್," ಎಂದ ರೇಣುಕಪ್ರಸಾದ್. ಕಿವಿ ಕೆಂಪಗಾಗಲಿಲ್ಲ. ಭೀಮರಾಜು ಈಗ ಯಾರ ಅಪ್ಪಣೆಯೂ ಬೇಡದ ಉಚಿತ ಸಾಫ್ಟ್‌ವೇರಿನಲ್ಲಿ ಆಲ್ಬಂ ಮಾಡುತ್ತಾನೆ, ಅವನ ಸ್ಟುಡಿಯೋದಲ್ಲಿ ಬುಧವಾರವೂ ಬರುತ್ತದೆ.

ಮೊನ್ನೆ ಮಾರ್ಯಾ ಬರೆದಿದ್ದಳು: ಮುಂದಿನ ಆವೃತ್ತಿಗೂ ಶಿರಾ ಲ್ಯಾಬೇ ಪರೀಕ್ಷೆ ಮಾಡಲಿ, ದಿನ ಮತ್ತು ವೇಳೆ ನೀವೇ ತಿಳಿಸಿ. ರೇಣುಕಪ್ರಸಾದ್ ಮಾವನನ್ನು ಕೇಳಿದ. ನಂದೀಶ್ವರಯ್ಯನವರು ಪಂಚಾಂಗ ತೆರೆದು, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿ, ಬೆರಳಿಟ್ಟು ತೋರಿಸಿದರು.

"ಶುಕ್ರವಾರ, ಹನ್ನೊಂದು ನಲವತ್ತಕ್ಕೆ ಸರಿಯಾಗಿ ಅಂತ ಬರೀರಿ ಅಳಿಯಂದ್ರೇ. ಅಪ್ಪಟ ರಾಹುಕಾಲ. ನಮ್ಮ ಲ್ಯಾಬಿಗೆ ಆಗಿಬಂದಿದೆ."